ಗೇರ್‌ಬಾಕ್ಸ್ ಪಕ್ಕಕ್ಕೆ ಸರಿದ ಕತೆ

ಸೀಟಿನ ಬೆನ್ನಿಗೇ ಎಂಜಿನ್ ಇಟ್ಟುಕೊಂಡ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಗ್ಯಾರೇಜುಗಳಲ್ಲಿ ಒಂದು ದೂರು ಇದ್ದೇ ಇದೆ: ಓಡಿಸಲು ಸೊಗಸು, ಬಿಚ್ಚಲು ಕಷ್ಟ. ಏರಿನಲ್ಲಿ ಎಂಜಿನ್ ಅರಚಿಕೊಂಡರೂ ಕಾರು ಮುಂದೆ ಹೋಗುತ್ತಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದೆ ಎಂದರೆ ಕ್ಲಚ್ ಪ್ಲೇಟ್ ಸವೆದಿದೆ. ಅದೊಂದನ್ನು ಬದಲಿಸಲು ಎಷ್ಟೋ ಮಾದರಿಗಳಲ್ಲಿ ಎಂಜಿನ್ನನ್ನೇ ಇಳಿಸಬೇಕು. ಇಟಲಿಯ ಫಿಯಟ್ ಎಕ್ಸ್ 1/9ರಲ್ಲಿ ಆ ಗೋಳಿಲ್ಲ. 1972ರಲ್ಲಿ ಬಂದ ಈ ಇಬ್ಬರು ಕೂರುವ ಪುಟ್ಟ ಕಾರಿನಲ್ಲಿ ಎಂಜಿನ್ ಇದ್ದಲ್ಲೇ ಇರುತ್ತದೆ. ಗೇರ್‌ಬಾಕ್ಸನ್ನು ಎಡಕ್ಕೆ ಸರಿಸಿ ಕೆಳಗಿಳಿಸಿದರೆ ಸಾಕು, ಕ್ಲಚ್ ಎದುರಿಗೇ ಸಿಗುತ್ತದೆ. ಈ ಅನುಕೂಲವನ್ನು ಸ್ಪೋರ್ಟ್ಸ್ ಕಾರಿಗೆಂದು ಯಾರೂ ಹುಡುಕಿರಲಿಲ್ಲ. ಅದು ಮೊದಲು ಹೊರಬಂದದ್ದು ಅದಕ್ಕೂ ಎಂಟು ವರ್ಷ ಮೊದಲು, ಸಂಸಾರಸ್ಥರಿಗಾಗಿ ಮಾಡಿದ ಒಂದು ಸಾದಾ ಕಾರಿನಲ್ಲಿ. ಆ ಕಾರಿನ ಮೇಲೆ ಫಿಯಟ್ ಹೆಸರು ಕೂಡ ಇರಲಿಲ್ಲ.

ಕತೆ ಅರ್ಥವಾಗಲು ಕ್ಲಚ್ಚಿನ ಒಳಗೆ ಒಮ್ಮೆ ಇಣುಕಬೇಕು. ಎಂಜಿನ್ನಿನ ತುದಿಯಲ್ಲಿ ಭಾರವಾದ ಫ್ಲೈವೀಲ್ ತಿರುಗುತ್ತಿರುತ್ತದೆ. ಅದಕ್ಕೆ ಪ್ರೆಶರ್ ಪ್ಲೇಟನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದೇ ಕ್ಲಚ್ ಪ್ಲೇಟ್; ಅದರ ಎರಡೂ ಮುಖಕ್ಕೆ ಒರಟು ಲೈನಿಂಗ್ ರಿವೆಟ್ ಹೊಡೆದಿರುತ್ತದೆ. ಸ್ಪ್ರಿಂಗಿನ ಒತ್ತಡ ಇರುವ ತನಕ ಮೂರೂ ಒಟ್ಟಿಗೆ ತಿರುಗಿ, ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹರಿಯುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಬಂದು ಸ್ಪ್ರಿಂಗನ್ನು ಒತ್ತುತ್ತದೆ, ಹಿಡಿತ ಸಡಿಲಾಗುತ್ತದೆ, ಗೇರು ಬದಲಾಗುತ್ತದೆ. ಈ ಬೇರಿಂಗಿಗೆ ಹಿಂದೆ ಮುಂದೆ ಓಡಾಡಲು ಜಾಗ ಬೇಕು, ಅದನ್ನು ತಳ್ಳುವ ಕವಲಿಗೂ ಸನ್ನೆಗೂ ಜಾಗ ಬೇಕು. ಎಂಜಿನ್ ಕಾರಿನ ಉದ್ದಕ್ಕೆ ಕೂತಿದ್ದರೆ ಈ ಜಾಗ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುಂಚಕ್ರಗಳಿಗೇ ಬಲ ಕೊಡಲೆಂದು ಮುಂದಿನ ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿ ನೋಡಿ. ನಾಲ್ಕು ಸಿಲಿಂಡರು, ಫ್ಲೈವೀಲ್, ಕ್ಲಚ್, ಬೇರಿಂಗ್, ಗೇರ್‌ಬಾಕ್ಸ್ ಇಷ್ಟೂ ಎರಡು ಮುಂಚಕ್ರಗಳ ನಡುವೆ ಸಾಲಾಗಿ ನಿಲ್ಲಬೇಕು. ಆ ಚಕ್ರಗಳೋ ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಒಳಕ್ಕೆ ನುಗ್ಗುತ್ತವೆ. ಬೆರಳಗಲ ಜಾಗಕ್ಕೂ ಪರದಾಟ.

ಎರಡೇ ಸಿಲಿಂಡರಿನ ಪುಟ್ಟ ಎಂಜಿನ್ನಾದರೆ ಹೇಗೋ ಹಿಡಿಸಬಹುದಿತ್ತು. ಪೂರ್ವ ಜರ್ಮನಿಯ ಟ್ರಾಬಂಟ್ 1950ರ ದಶಕದ ಕೊನೆಗೆ ಹಾಗೆ ಮಾಡಿಯೂ ತೋರಿಸಿತ್ತು. ನಾಲ್ಕು ಸಿಲಿಂಡರು ಎಂದೊಡನೆ ಎಲ್ಲರೂ ಕೈಚೆಲ್ಲುತ್ತಿದ್ದರು.

ಫಿಯಟ್‌ನಲ್ಲಿ ಇನ್ನೊಂದು ತೊಡಕಿತ್ತು. 1931ರಲ್ಲಿ ಅಲ್ಲಿನ ಎಂಜಿನಿಯರ್ ಒಬ್ಬರು ಮುಂಚಕ್ರಕ್ಕೆ ಬಲ ಕೊಡುವ ಪುಟ್ಟ ಕಾರೊಂದನ್ನು ಪ್ರಯೋಗಕ್ಕೆಂದು ಕಟ್ಟಿದ್ದರು. ಕಂಪನಿಯ ಸ್ಥಾಪಕ ಜೊವಾನಿ ಅನ್ಯೆಲ್ಲಿ ಅದರಲ್ಲಿ ಕೂತು ಹೊರಟಾಗಲೇ ಕಾರಿಗೆ ಬೆಂಕಿ ಹತ್ತಿತು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಎಂಜಿನಿಯರ್ ಕೆಲಸ ಕಳೆದುಕೊಂಡರು. ಫಿಯಟ್‌ನಲ್ಲಿ ಮುಂಚಕ್ರ ಚಾಲನೆಯ ಮಾತೇ ಬೇಡ ಎಂಬ ಅಪ್ಪಣೆಯೂ ಹೊರಟಿತು. ಬೆಂಕಿಗೂ ಬಲ ಯಾವ ಚಕ್ರಕ್ಕೆ ಹೋಗುತ್ತಿತ್ತು ಎಂಬುದಕ್ಕೂ ಏನೂ ಸಂಬಂಧವಿರಲಿಲ್ಲ. ಒಂದು ಒಳ್ಳೆಯ ವಿಚಾರ ಹೀಗೆ ಸಂಬಂಧವೇ ಇಲ್ಲದ ಅಪಘಾತದಿಂದ ಮೂವತ್ತು ವರ್ಷ ಮೂಲೆ ಸೇರಿದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಆ ಮೂವತ್ತು ವರ್ಷವೂ ಅದೇ ಕಂಪನಿಯಲ್ಲಿ ದುಡಿದವರು ದಾಂತೆ ಜಾಕೋಸಾ. ಹುಟ್ಟಿದ್ದು 1905ರಲ್ಲಿ, ರೋಮ್‌ನಲ್ಲಿ. 1936ರ ಟೊಪೊಲಿನೊ, 1955ರ ಫಿಯಟ್ 600, 1957ರ ಹೊಸ 500 ಎಲ್ಲವೂ ಅವರ ಮೇಜಿನಿಂದ ಬಂದವು. ಟೊಪೊಲಿನೊದಲ್ಲಿ ಎಂಜಿನ್ ಮುಂದೆ, ಬಲ ಹಿಂದಿನ ಚಕ್ರಕ್ಕೆ. ನಂತರದ ಎರಡರಲ್ಲಿ ಎಂಜಿನ್ನೇ ಹಿಂದೆ. ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಕೂರಿಸುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಯುರೋಪಿನಲ್ಲೇ ವಿರಳ. ಎಂಜಿನ್ನನ್ನು ಮುಂದೆ ಅಡ್ಡಕ್ಕಿಟ್ಟರೆ ಇನ್ನೂ ಎಷ್ಟು ಜಾಗ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ಮೊದಲ ಉತ್ತರ ಮಾತ್ರ ಇಂಗ್ಲೆಂಡಿನಿಂದ ಬಂತು. 1959ರ ಆಗಸ್ಟಿನಲ್ಲಿ ಅಲೆಕ್ ಇಸ್ಸಿಗೊನಿಸ್ ರೂಪಿಸಿದ ಮಿನಿ ಮಾರುಕಟ್ಟೆಗೆ ಬಂದಿತು. ಹತ್ತೇ ಅಡಿ ಉದ್ದದ ಕಾರು, ಅಡ್ಡ ಕೂತ ನಾಲ್ಕು ಸಿಲಿಂಡರಿನ ಎಂಜಿನ್. ಗೇರ್‌ಬಾಕ್ಸಿಗೆ ಪಕ್ಕದಲ್ಲಿ ಜಾಗ ಸಿಗದಿದ್ದಾಗ ಇಸ್ಸಿಗೊನಿಸ್ ಅದನ್ನು ಎಂಜಿನ್ನಿನ ಕೆಳಗೆ, ಎಣ್ಣೆಯ ತೊಟ್ಟಿಯೊಳಕ್ಕೇ ಇಳಿಸಿಬಿಟ್ಟರು. ಎಂತಹ ಧೈರ್ಯದ ಯೋಚನೆ! ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಗೇರಿನ ಹಲ್ಲುಗಳು ಎಣ್ಣೆಯನ್ನು ಅರೆದು ಹಾಕುತ್ತವೆ, ಉದುರಿದ ಲೋಹದ ಪುಡಿ ಎಂಜಿನ್ನಿನ ಎಣ್ಣೆಯಲ್ಲೇ ಸುತ್ತುತ್ತದೆ. ಕ್ಲಚ್ ಪಕ್ಕದ ಎಣ್ಣೆ ಸೀಲು ಸೋರಿತೆಂದರೆ ಪ್ಲೇಟು ನೆನೆದು ಜಾರುತ್ತದೆ. ಕ್ಲಚ್ಚಿಗೆ ತುದಿಯ ಮುಚ್ಚಳ ಬಿಚ್ಚಿ ಕೈಹಾಕಬಹುದಿತ್ತು ನಿಜ, ಗೇರ್‌ಬಾಕ್ಸಿನ ರಿಪೇರಿಗೆ ಮಾತ್ರ ಎಂಜಿನ್ ಸಮೇತ ಎಲ್ಲವನ್ನೂ ಎತ್ತಲೇಬೇಕಿತ್ತು.

ಈ ದಾರಿ ಎಲ್ಲಿಗೆ ತಲುಪಿತೆಂದು ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಲಂಬೊರ್ಗಿನಿಯ ತರುಣ ಎಂಜಿನಿಯರ್ ಜಾನ್ ಪಾವ್ಲೊ ದಲ್ಲಾರ ಮಿನಿಯ ಜೋಡಣೆಯನ್ನು ಮೆಚ್ಚಿ, ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡಕ್ಕಿಟ್ಟು, ಗೇರ್‌ಬಾಕ್ಸನ್ನು ಅದೇ ಎರಕದಲ್ಲಿ ಸೇರಿಸಿಬಿಟ್ಟರು. 1966ರ ಜಿನೀವಾ ಮೇಳದಲ್ಲಿ ಮಿಯೂರ ಎಂಬ ಹೆಸರಿನಿಂದ ಅದು ಜನರನ್ನು ಬೆರಗುಗೊಳಿಸಿತು. ಎಣ್ಣೆ ಅಲ್ಲಿಯೂ ಒಂದೇ. ಕಟ್ಟಕಡೆಗೆ ತಯಾರಾದ ಕೆಲವು ಕಾರುಗಳಲ್ಲಷ್ಟೇ ಅದನ್ನು ಬೇರ್ಪಡಿಸಿದರು. ಮಿಯೂರದ ಮೈ ರೂಪಿಸಿದ್ದು ಟುರಿನ್‌ನ ಬೆರ್ತೋನೆ ಕಾರ್ಖಾನೆಯ ಮಾರ್ಚೆಲ್ಲೊ ಗಾಂದಿನಿ. ಈ ಹೆಸರು ನೆನಪಿರಲಿ.

ಜಾಕೋಸಾರಿಗೆ ಒಂದೇ ಎಣ್ಣೆಯ ದಾರಿ ಹಿಡಿಸಲಿಲ್ಲ. ಗೇರ್‌ಬಾಕ್ಸ್ ಎಂಜಿನ್ನಿನ ತುದಿಗೇ, ಒಂದೇ ಸಾಲಿನಲ್ಲಿ, ತನ್ನದೇ ಎಣ್ಣೆಯೊಂದಿಗೆ ಕೂರಬೇಕು ಎಂಬುದು ಅವರ ಹಟ. ಹಾಗಾದರೆ ಉದ್ದ ಎಲ್ಲಿ ಕಡಿಮೆ ಮಾಡುವುದು? ಸಿಲಿಂಡರುಗಳನ್ನು ಹಿಂಡಲು ಸ್ವಲ್ಪ ಮಟ್ಟಿಗಷ್ಟೇ ಸಾಧ್ಯ, ಗೇರುಗಳನ್ನು ತೆಳ್ಳಗೆ ಮಾಡಿದರೆ ಮುರಿಯುತ್ತವೆ. ಉಳಿದದ್ದು ಅವೆರಡರ ನಡುವಿನ ಸಂದು, ಅಂದರೆ ಕ್ಲಚ್ ಬಿಡಿಸುವ ಸಾಮಗ್ರಿ ಕೂತಿದ್ದ ಜಾಗ. ಬೀಗ ತೆರೆದದ್ದು ಅಲ್ಲೇ. ಪೆಡಲಿನ ಒತ್ತಡವನ್ನು ಎಣ್ಣೆಯ ಕೊಳವೆಯ ಮೂಲಕ ತಂದು ಬೇರಿಂಗನ್ನು ತಳ್ಳುವ, ಹೈಡ್ರಾಲಿಕ್ ಬಲದಿಂದ ನಡೆಯುವ ಅಡಕವಾದ ಒಂದು ಬಿಡುಗಡೆ ವ್ಯವಸ್ಥೆಯನ್ನು ಅವರ ತಂಡ ರೂಪಿಸಿತು. ಕ್ಲಚ್ ಮತ್ತು ಗೇರ್‌ಬಾಕ್ಸ್ ಒಂದಕ್ಕೊಂದು ಹತ್ತಿರ ಸರಿದವು, ಇಡೀ ಸಾಲು ಚಕ್ರಗಳ ನಡುವೆ ಹಿಡಿಯಿತು. ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ಒಂದು ಪಕ್ಕಕ್ಕೆ ಸರಿದಿದ್ದರಿಂದ ಚಕ್ರಗಳಿಗೆ ಹೋಗುವ ಎರಡು ಆಕ್ಸಲುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಆಯಿತು. ಆಕ್ಸಿಲರೇಟರ್ ಜೋರಾಗಿ ತುಳಿದರೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುವ ಅಪಾಯ ಅದರಿಂದ ಬಂತು.

ಇದನ್ನು ರಸ್ತೆಗಿಳಿಸುವ ಧೈರ್ಯ ಫಿಯಟ್‌ಗೆ ಇನ್ನೂ ಇರಲಿಲ್ಲ. ಆಗ ಕಂಪನಿಯ ಚುಕ್ಕಾಣಿ ಹಿಡಿದಿದ್ದ ವಿತ್ತೋರಿಯೊ ವಲ್ಲೆತ್ತ ಎಚ್ಚರದ ಮನುಷ್ಯ. ಎಡವಿದರೆ ದೊಡ್ಡ ಹೆಸರಿಗೆ ಮಸಿ ಹತ್ತಬಾರದೆಂದು ಹೊಸ ಜೋಡಣೆಯನ್ನು ಔಟೊಬಿಯಾಂಕಿ ಎಂಬ ಚಿಕ್ಕ ಬಳಗದ ಹೆಸರಲ್ಲಿ ಬಿಡಲಾಯಿತು. ಬಿಯಾಂಕಿ, ಫಿಯಟ್, ಪಿರೆಲ್ಲಿ ಮೂವರೂ ಸೇರಿ 1955ರಲ್ಲಿ ಕಟ್ಟಿದ ಕಂಪನಿ ಅದು. 1964ರಲ್ಲಿ ಬಂದ ಆ ಕಾರಿನ ಹೆಸರು ಪ್ರಿಮುಲ. ಅದರೊಳಗಿದ್ದ 1221 ಸಿಸಿ ಎಂಜಿನ್ ನಮಗೆ ಪರಕೀಯವಲ್ಲ. ಫಿಯಟ್ 1100 ಡಿ ಕಾರಿನದು ಅದು. ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರಿನ 1089 ಸಿಸಿ ಎಂಜಿನ್ ಅದೇ ಕುಲದ್ದು. ನಮ್ಮ ಪದ್ಮಿನಿಯಲ್ಲಿ ಅದು ಕೊನೆಯತನಕ ಉದ್ದಕ್ಕೇ ಕೂತು ಹಿಂದಿನ ಚಕ್ರ ತಿರುಗಿಸಿತು, ಇಟಲಿಯಲ್ಲಿ ಅಡ್ಡಕ್ಕೆ ತಿರುಗಿತು.

ಪ್ರಿಮುಲ ಓಡಿದ ರಸ್ತೆಗಳೇ ಜಾಕೋಸಾರ ಪ್ರಯೋಗಶಾಲೆಯಾದವು. ತೊಡಕುಗಳು ಒಂದೊಂದಾಗಿ ಬಗೆಹರಿದ ಮೇಲೆ, 1969ರಲ್ಲಿ, ಫಿಯಟ್ ತನ್ನದೇ ಹೆಸರಲ್ಲಿ 128 ಬಿಟ್ಟಿತು. ಔರೇಲಿಯೊ ಲಂಪ್ರೇದಿ ಅದಕ್ಕೆಂದೇ 1116 ಸಿಸಿಯ ಹೊಸ ಎಂಜಿನ್ ರೂಪಿಸಿದ್ದರು. ಮರುವರ್ಷ ಅದು ಯುರೋಪಿನ ವರ್ಷದ ಕಾರು ಎನಿಸಿತು, ಅದೇ 1970ರಲ್ಲಿ ಜಾಕೋಸಾ ನಿವೃತ್ತರಾದರು.

ಇತ್ತ ಬೆರ್ತೋನೆ ಕಾರ್ಖಾನೆಗೆ ಬೇರೆ ಚಿಂತೆ. ಅಲ್ಲಿ ತಯಾರಾಗುತ್ತಿದ್ದ ಫಿಯಟ್ 850 ಸ್ಪೈಡರ್‌ಗೆ ವಯಸ್ಸಾಗಿತ್ತು, ಅದರ ಜಾಗಕ್ಕೆ ಇನ್ನೊಂದು ಬೇಕಿತ್ತು. 128ರಂತೆ ಎಂಜಿನ್ ಮುಂದಿರುವ ತೆರೆದ ಕಾರು ಸಾಕು ಎಂಬುದು ಫಿಯಟ್‌ನ ಯೋಚನೆ. ನುಚ್ಚೊ ಬೆರ್ತೋನೆ ಒಪ್ಪಲಿಲ್ಲ. 128ರ ಮುಂಭಾಗದಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎಲ್ಲವೂ ಒಂದೇ ಗಂಟಾಗಿ ಕೂತಿವೆ. ಆ ಗಂಟನ್ನು ಹಾಗೇ ಎತ್ತಿ ಸೀಟಿನ ಹಿಂದೆ ಇಟ್ಟರೆ, ರೇಸಿನವರಿಗೂ ಸಿರಿವಂತರಿಗೂ ಮೀಸಲಾಗಿದ್ದ ಮಧ್ಯ ಎಂಜಿನ್ನಿನ ಕಾರು ಸಾಮಾನ್ಯರ ಕೈಗೆಟುಕುತ್ತದೆ. ಆ ಕನಸಿನ ಮೊದಲ ರೂಪ 1969ರ ಟುರಿನ್ ಮೇಳದಲ್ಲಿ ರನ್‌ಅಬೌಟ್ ಎಂಬ ಪ್ರದರ್ಶನದ ಕಾರಾಗಿ ಕಾಣಿಸಿತು. ಗೆರೆ ಎಳೆದದ್ದು ಅದೇ ಗಾಂದಿನಿ. ಮಿನಿಯ ದಾರಿಯಲ್ಲಿ ಮಿಯೂರಕ್ಕೆ, ಜಾಕೋಸಾ ದಾರಿಯಲ್ಲಿ ಎಕ್ಸ್ 1/9ಕ್ಕೆ, ಹೀಗೆ ಎರಡಕ್ಕೂ ಮೈ ಕೊಟ್ಟವರು ಒಬ್ಬರೇ. ಗಂಟು ಹಿಂದಕ್ಕೆ ಹೋದದ್ದರಿಂದ ಇನ್ನೊಂದು ಲಾಭವೂ ಆಯಿತು: ಉದ್ದ ಗಿಡ್ಡ ಆಕ್ಸಲುಗಳ ಎಳೆತ ಸ್ಟಿಯರಿಂಗಿಗೆ ತಾಗುವುದು ತಪ್ಪಿತು, ಏಕೆಂದರೆ ಹಿಂದಿನ ಚಕ್ರಗಳು ತಿರುವಿನಲ್ಲಿ ದಿಕ್ಕು ಬದಲಿಸುವುದಿಲ್ಲ. ನನ್ನ ಕಣ್ಣಿಗೆ ಜಾಕೋಸಾರ ಜೋಡಣೆ ತಾನು ಹುಟ್ಟಿದ ಜಾಗಕ್ಕಿಂತ ಈ ಎರಡನೆಯ ಮನೆಯಲ್ಲೇ ಹೆಚ್ಚು ನೆಮ್ಮದಿಯಿಂದಿದೆ.

ಹಾಗಾಗಿ ಕ್ಲಚ್ ಬದಲಿಸುವವರು ಅಲ್ಲಿ ಬಿಚ್ಚುವುದು ಸ್ಪೋರ್ಟ್ಸ್ ಕಾರಿನ ಮೈಯಲ್ಲಿರುವ ಒಂದು ಸಂಸಾರಸ್ಥರ ಕಾರನ್ನು. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರ್‌ಬಾಕ್ಸಿನ ಎಣ್ಣೆ ಬಸಿಯುತ್ತಾರೆ. ಆಕ್ಸಲುಗಳು, ಗೇರಿನ ರಾಡು, ಸ್ಟಾರ್ಟರ್, ರಿಲೀಸ್ ಬೇರಿಂಗನ್ನು ತಳ್ಳುವ ಸ್ಲೇವ್ ಸಿಲಿಂಡರ್ ಬಿಡಿಸಿ, ಎಂಜಿನ್ ಜೋತುಬೀಳದಂತೆ ಆಧಾರ ಕೊಟ್ಟು, ತಳದ ಅಡ್ಡಪಟ್ಟಿ ಕಳಚುತ್ತಾರೆ. ಗೇರ್‌ಬಾಕ್ಸಿನ ಶಾಫ್ಟ್ ಪ್ಲೇಟಿನ ಸ್ಪ್ಲೈನಿನಿಂದ ಪೂರ್ತಿ ಹೊರಬರುವ ತನಕ ಅದನ್ನು ನೇರ ಎಳೆಯಬೇಕು. ನಡುವೆ ಭಾರ ಬಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ಹಳೆಯ ಪ್ಲೇಟು ಕೈಗೆ ಬರುತ್ತದೆ. ಸವೆದ ಪ್ಲೇಟಿನಲ್ಲಿ ರಿವೆಟಿನ ತಲೆಗಳು ಲೈನಿಂಗಿನ ಮಟ್ಟಕ್ಕೆ ಬಂದಿರುತ್ತವೆ. ಇನ್ನೂ ಕೆಲ ಕಾಲ ಓಡಿಸಿದ್ದರೆ ಅವು ಫ್ಲೈವೀಲಿನ ಮೇಲೆ ಗೀರು ಎಳೆದಿರುತ್ತವೆ, ಬೆರಳಾಡಿಸಿದರೆ ಉಂಗುರ ಉಂಗುರವಾಗಿ ತಾಗುತ್ತದೆ. ಹಾಗಿದ್ದರೆ ಫ್ಲೈವೀಲನ್ನೂ ಬಿಚ್ಚಿ ಲೇತಿಗೆ ಕೊಡಬೇಕು. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಳಗೆ ಕೂತ ಕರಿ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಶ್ವಾಸಕೋಶ ಸೇರಿದ ಆ ಎಳೆ ಹೊರಬರುವುದಿಲ್ಲ.

ಹೊಸ ಪ್ಲೇಟು ಕೂರಿಸುವಾಗ ನಡುವೆ ಒಂದು ಡಮ್ಮಿ ಶಾಫ್ಟ್ ತೂರಿಸಿ ಕೇಂದ್ರ ಹೊಂದಿಸಿಕೊಳ್ಳದಿದ್ದರೆ ಗೇರ್‌ಬಾಕ್ಸ್ ಮತ್ತೆ ಒಳಗೆ ಹೋಗುವುದಿಲ್ಲ. ರಿಲೀಸ್ ಬೇರಿಂಗ್ ಚೆನ್ನಾಗಿದೆ ಅನ್ನಿಸಿದರೂ ಹೊಸದನ್ನೇ ಹಾಕಬೇಕು, ಅದೊಂದಕ್ಕಾಗಿ ಮತ್ತೆ ಇಷ್ಟೆಲ್ಲ ಬಿಚ್ಚುವಂತಾಗಬಾರದು. ಪೆಡಲು ಮುಂದೆ, ಕ್ಲಚ್ ಹಿಂದೆ ಇರುವುದರಿಂದ ಹೈಡ್ರಾಲಿಕ್ ಕೊಳವೆ ಕಾರಿನ ನಡುವಿನ ಟನಲ್ಲಿನಲ್ಲಿ ಉದ್ದಕ್ಕೂ ಸಾಗುತ್ತದೆ. ಅಲ್ಲಿ ಅದು ತುಕ್ಕು ಹಿಡಿದು ತೂತಾಗುವುದು ಈ ಕಾರಿನ ಹಳೆಯ ಕಾಯಿಲೆ. ಪೆಡಲು ಮೆತ್ತಗಾಯಿತೆಂದು ಗೇರ್‌ಬಾಕ್ಸ್ ಇಳಿಸುವ ಮೊದಲು ಆ ಕೊಳವೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಎಕ್ಸ್ 1/9 ಕೊನೆಯ ವರ್ಷಗಳಲ್ಲಿ ಬೆರ್ತೋನೆ ಹೆಸರಿನಲ್ಲೇ ಮಾರಾಟವಾಗಿ 1989ರವರೆಗೆ ನಡೆಯಿತು. ಸಾದಾ ಕಾರಿನ ಮುಂದಿನ ಗಂಟನ್ನು ಹಿಂದಕ್ಕೆ ಸಾಗಿಸುವ ಉಪಾಯವನ್ನು ಅಮೆರಿಕದ ಪಾಂಟಿಯಾಕ್ ಫಿಯೆರೊ, ಜಪಾನಿನ ಟೊಯೊಟಾ ಎಂಆರ್2, ಇಂಗ್ಲೆಂಡಿನ ಲೋಟಸ್ ಎಲೀಸ್ ಎಲ್ಲವೂ ಹಿಡಿದವು. ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಂತೂ ಜಾಕೋಸಾ ಜೋಡಣೆಯೇ ಜಗತ್ತಿನ ವಾಡಿಕೆಯಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ 796 ಸಿಸಿ ಎಂಜಿನ್ ಅಡ್ಡಕ್ಕೆ ಕೂತಿತ್ತು, ಗೇರ್‌ಬಾಕ್ಸ್ ಅದರ ತುದಿಗಿತ್ತು. ಅಂಬಾಸಿಡರಿಗೂ ಪದ್ಮಿನಿಗೂ ಗೇರ್‌ಬಾಕ್ಸನ್ನು ಹಿಂದಕ್ಕೆಳೆದು ಕ್ಲಚ್ ಬದಲಿಸುತ್ತಿದ್ದ ನಮ್ಮ ಮೆಕ್ಯಾನಿಕ್‌ಗಳು ಅಂದಿನಿಂದ ಅದನ್ನು ಪಕ್ಕಕ್ಕೆ ಎಳೆಯಲು ಕಲಿತರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇಂದು ಮಾರಾಟವಾಗುವ ಕಾರಿನ ಕ್ಲಚ್ ಸೆಟ್ಟುಗಳಲ್ಲಿ ಹೆಚ್ಚಿನವು ಹಾಗೆ ಪಕ್ಕಕ್ಕೆ ಸರಿಯುವ ಗೇರ್‌ಬಾಕ್ಸಿನವೇ.