ಜವಳಿ ವ್ಯಾಪಾರಿಯ ಪತ್ರಗಳು

ಸೂಕ್ಷ್ಮಜೀವಿಗಳ ಸುದ್ದಿ ಲೋಕಕ್ಕೆ ಮೊದಲು ಮುಟ್ಟಿದ್ದು ಪಂಡಿತರ ಲ್ಯಾಟಿನ್ನಿನಲ್ಲಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಲೇವನ್‌ಹುಕ್‌ಗೆ ಬರುತ್ತಿದ್ದುದು ತಾಯ್ನುಡಿ ಡಚ್ ಒಂದೇ. 1676ರ ಅಕ್ಟೋಬರಿನಲ್ಲಿ ಆತ ಅದರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ: ಕಾಳುಮೆಣಸು ನೆನೆಹಾಕಿದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಓಡಾಡುತ್ತಿವೆ! (ಮೆಣಸು ನಮ್ಮ ಕರಾವಳಿಯದೇ ಇದ್ದರೂ ಇದ್ದೀತು.)

ಹಲವರು ನಂಬಲಿಲ್ಲ. ಆತ ಪಾದ್ರಿ, ನೋಟರಿ ಮುಂತಾದ ಎಂಟು ಮಂದಿಗೆ ಮಸೂರದಲ್ಲಿ ತೋರಿಸಿ, ಅವರಿಂದ ಸಾಕ್ಷಿಪತ್ರ ಬರೆಸಿ ಕಳುಹಿಸಿದ. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಅವನ್ನು ಸೊಸೈಟಿಯ ಸದಸ್ಯರಿಗೇ ತೋರಿಸಿದ ಮೇಲೆ ಸಂಶಯ ನೀಗಿತು.

ನೆರೆಕರೆಯವರಿಗೆಲ್ಲ ಜೀವಿಗಳನ್ನು ತೋರಿಸಿದ ಈತ, ತನ್ನ ಅತ್ಯುತ್ತಮ ಮಸೂರಗಳನ್ನೂ ನೋಡುವ ವಿಧಾನವನ್ನೂ ಮಾತ್ರ ಬಚ್ಚಿಟ್ಟ. 1723ರಲ್ಲಿ ತೀರಿಕೊಂಡ. ಬ್ಯಾಕ್ಟೀರಿಯಾಗಳನ್ನು ಮತ್ತೆ ಅಷ್ಟು ಸ್ಪಷ್ಟವಾಗಿ ಕಾಣಲು ಲೋಕ ಸುಮಾರು ನೂರು ವರ್ಷ ಕಾಯಬೇಕಾಯಿತು.