ನೆಲಮಾಳಿಗೆಯ ನೀರು

'ನೆಲಮಾಳಿಗೆ' ಎಂಬುದು ವಿಚಿತ್ರವಾದ ಶಬ್ದ. ಮಾಳಿಗೆ ಎಂದರೆ ನಮ್ಮ ಬೀದರ ಸೀಮೆಯಲ್ಲಿ ತಲೆಯ ಮೇಲಿನದು. ಅದಕ್ಕೆ ನೆಲವನ್ನು ಜೋಡಿಸಿ ಕಾಲಡಿಗೆ ಇಳಿಸಿದ್ದಾರೆ. ಮರಾಠಿಯ ನೆರೆಯಲ್ಲಿರುವ ಡಾಬಕಾದಂಥ ಊರಲ್ಲಿ ತಳಘರವೆಂದರೂ ನಡೆದೀತು. ಹಳೆಯ ವಾಡೆಗಳಲ್ಲಿ ಕಾಳುಕಡಿ, ಕಾಗದಪತ್ರಗಳನ್ನು ಕಾಯ್ದ ಕೋಣೆ ಅದು. ಮಳೆಗಾಲದಲ್ಲಿ ಅಲ್ಲಿ ನೀರು ತುಂಬಿತೆಂದರೆ ಮನೆಯವರಿಗೆ ತೋಚುವ ಉಪಾಯಗಳು ಎರಡೇ: ಪಂಪು ಹಚ್ಚಿ ಬರಿದುಮಾಡಿ ಒಳಗೋಡೆಗೆ ಸಿಮೆಂಟು ಬಳಿಸುವುದು, ಇಲ್ಲವೆ ಮಣ್ಣು ತುಂಬಿ ಮುಚ್ಚಿಬಿಡುವುದು. ನಮ್ಮ ಹಿರಿಯರ ವಾಡೆಯ ಬಗೆಗೂ ಅಣ್ಣತಮ್ಮಂದಿರಲ್ಲಿ ಈ ಚರ್ಚೆ ನಡೆದು, ಮುಚ್ಚುವ ಪಕ್ಷಕ್ಕೇ ಹೆಚ್ಚು ಮತ ಬಿದ್ದವು. ನಾನು ಒಪ್ಪಲಿಲ್ಲ.

ನೀರು ಎಲ್ಲಿಂದ ಬಂತೆಂಬುದನ್ನು ಮೊದಲು ಅರಿಯಬೇಕು. ಬೀದರ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ. ಜೇನುಹುಟ್ಟಿನಂತೆ ತೂತುತೂತಾದ ಆ ಕಲ್ಲಿನಲ್ಲಿ ಮಳೆಯ ನೀರು ಇಳಿಯುತ್ತದೆ. ಕೆಳಗಿನ ಜೇಡಿಗೂ ಕರಿಗಲ್ಲಿಗೂ ತಡೆದು ಅಡ್ಡ ಹರಿಯುತ್ತದೆ. ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯ ಗುಹೆಯ ನೀರು, ನಾನಕ ಝೀರಾದ ಬುಗ್ಗೆ, ಎರಡಕ್ಕೂ ಮೂಲವಿದೇ. ಬಹಮನಿ ಕಾಲದ ಕರೇಜ್, ಅಂದರೆ ಸುರಂಗಬಾವಿ, ಕಟ್ಟಿದವರಿಗೆ ಈ ಗುಟ್ಟು ತಿಳಿದಿತ್ತು. ಅವರು ನೀರನ್ನು ತಡೆಯಲಿಲ್ಲ, ಅದಕ್ಕೆ ದಾರಿ ತೋಡಿದರು.

ಡಾಬಕಾದ ಕಡೆ, ಔರಾದ ಸೀಮೆಯಲ್ಲಿ, ನೆಲದ ಸ್ವಭಾವ ಬೇರೆ. ಮೇಲೆ ಎರೆಮಣ್ಣು, ಅದರಡಿ ಮುರುಮು, ಅದಕ್ಕೂ ಕೆಳಗೆ ಕರಿಗಲ್ಲು. ಎರೆಯು ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆ ಆ ಬಿರುಕುಗಳಲ್ಲಿ ನೇರವಾಗಿ ತಳಪಾಯಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಇಳಿದ ನೀರನ್ನು ಹಿಡಿದಿಟ್ಟು ಗೋಡೆಯನ್ನು ಒಳಕ್ಕೆ ಒತ್ತುತ್ತದೆ.

ಆದಕಾರಣ ತುಂಬಿದ ನೀರನ್ನು ಒಂದೇ ದಿನದಲ್ಲಿ ಬಸಿಯಬಾರದು. ಒಳಗಿನ ನೀರು ಆ ಹೊತ್ತಿಗೆ ಗೋಡೆಗೆ ಆಸರೆಯೂ ಆಗಿರುತ್ತದೆ. ದಿನಕ್ಕೆ ಒಂದೆರಡು ಅಡಿ ತೆಗೆದು, ಮಟ್ಟವನ್ನು ಗೋಡೆಯ ಮೇಲೆ ಗುರುತಿಸಿ, ಮರುದಿನ ನೋಡಬೇಕು. ಏರಿದ್ದರೆ ಹೊರಗಿನ ನೀರು ಇನ್ನೂ ಇಳಿದಿಲ್ಲ, ಕಾಯಬೇಕು. ವಿದ್ಯುತ್ತನ್ನು ಕಡಿಯದೆ ಯಾರೂ ಮೆಟ್ಟಿಲಿಳಿಯಕೂಡದು. ಎಂಜಿನ್ ಪಂಪನ್ನು ಒಳಗೆ ಇಳಿಸಲೇಕೂಡದು. ನೆನೆದು ಕೊಳೆತ ಕಾಳಿದ್ದರೆ ಮುಚ್ಚಿದ ಕೋಣೆಯ ಗಾಳಿಯೇ ಪ್ರಾಣ ತೆಗೆದೀತು.

ಇನ್ನು ಸಿಮೆಂಟಿನ ಮಾತು. ಹೊರಗೆ ಒಂದು ಮೀಟರ್ ಎತ್ತರ ನೀರು ನಿಂತರೆ ಅದರ ಬುಡದಲ್ಲಿ ಚದರ ಮೀಟರಿಗೆ ಒಂದು ಟನ್ನಿನ ಒತ್ತಡ. ಒಳಗಿನಿಂದ ಬಳಿದ ಲೇಪಕ್ಕೆ ಇದು ಬೆನ್ನ ಹಿಂದಿನಿಂದ ಬೀಳುತ್ತದೆ. ಲೇಪ ಕಿತ್ತು ಬರುತ್ತದೆ. ಬಾರದೆ ನಿಂತರೆ ಕೇಡು ಇನ್ನೂ ಹೆಚ್ಚು. ನಮ್ಮ ಗೌಂಡಿ ಒಂದೇ ಮಾತಿನಲ್ಲಿ ಹೇಳಿದ: "ಸರ, ಒಳಗ ಬಳದ್ರ ನೀರು ಹೋಗಂಗಿಲ್ರಿ, ಮ್ಯಾಲ ಹತ್ತತದ್ರಿ." ಆರಲು ಎಡೆಯಿಲ್ಲದ ತೇವ ದೀಪದ ಬತ್ತಿಗೆ ಎಣ್ಣೆ ಏರುವಂತೆ ಮೇಲಿನ ಮಣ್ಣುಗೋಡೆಗೆ ಏರಿ ತೊಲೆಗಳ ತುದಿಯನ್ನು ಕೊಳೆಸುತ್ತದೆ. ಕೋಣೆಗೆ ಮಣ್ಣು ತುಂಬಿದರೂ ಇದೇ ಗತಿ. ತುಂಬಿದ ಮಣ್ಣು ವರ್ಷವಿಡೀ ಒದ್ದೆಯಾಗಿಯೇ ಉಳಿದು, ಕೆಟ್ಟದ್ದು ಕಣ್ಣಿಗೆ ಬೀಳದಂತಾಗುತ್ತದೆ, ಅಷ್ಟೆ.

ಚಿಕಿತ್ಸೆ ಹೊರಗಿನಿಂದ ಮೊದಲಾಗಬೇಕು. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಕೊಳವೆಯಲ್ಲಿ ದೂರ ಒಯ್ಯಬೇಕು. ಅಂಗಳಕ್ಕೆ ಗೋಡೆಯಿಂದ ಹತ್ತು ಅಡಿಗೆ ಆರು ಅಂಗುಲದ ಇಳಿಜಾರು ಬೇಕು. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಅರ್ಧ ಪೀಡೆ ತೊಲಗುತ್ತದೆ. ಆಮೇಲೆ ಬೇಸಗೆಯಲ್ಲಿ ಗೋಡೆಯ ಹೊರಗೆ ಕಾಲುವೆ ತೋಡಿ, ತೂತುಕೊಳವೆ ಇಟ್ಟು, ಜಲ್ಲಿ ತುಂಬಿ, ತಗ್ಗಿನ ಕಡೆಗೆ ಬಾಯಿ ಬಿಡಬೇಕು. ಕಾಲುವೆ ತಳಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ಒಮ್ಮೆಗೆ ನಾಲ್ಕಾರು ಅಡಿ ಉದ್ದವಷ್ಟೇ ಅಗೆಯಬೇಕು. ಗೋಡೆ ಆರಲು ಒಂದು ಋತುವಾದರೂ ಹಿಡಿಯುತ್ತದೆ. ಆಮೇಲೆ ಒಳಗೆ ಸುಣ್ಣ, ಮರಳು, ಇಟ್ಟಿಗೆಪುಡಿ ಕೂಡಿಸಿದ ಗಚ್ಚು ಸಾಕು. ಅದು ನೀರಿಗೆ ಗಟ್ಟಿ, ಆದರೂ ತೇವವನ್ನು ಹೊರಬಿಡುತ್ತದೆ.

ನಮ್ಮ ವಾಡೆಯಲ್ಲಿ ಬಡಗಣ ಮತ್ತು ಪಡುವಣ ಬದಿಯ ಕಾಲುವೆಗಳು ಮುಗಿದಿವೆ. ಉಳಿದೆರಡು ಬದಿ ಹೋಳಿಹುಣ್ಣಿವೆಯ ನಂತರ. ಅಲ್ಲಿಯವರೆಗೆ ಕಾಗದಪತ್ರದ ಪೆಟ್ಟಿಗೆ ಅಟ್ಟದ ಮೇಲೆಯೇ ಇರಲಿ ಎಂದಿದ್ದೇನೆ.