ಬೀಟಲ್‌ಗೂ ಟೈಗರ್‌ಗೂ ಒಂದೇ ಸರಳು

ಗುಂಡಿ ಬಿದ್ದ ರಸ್ತೆಯಲ್ಲಿ ನಮ್ಮ ಸೊಂಟ ಉಳಿಸೋದು ಕಾರಿನ ಸಸ್ಪೆನ್ಷನ್. ಜರ್ಮನಿಯ ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇದಕ್ಕೆ ಸುರುಳಿ ಸ್ಪ್ರಿಂಗ್ ಇರಲಿಲ್ಲ! ಚಕ್ರ ಮೇಲೆದ್ದರೆ, ಅಡ್ಡಲಾಗಿ ಕೂರಿಸಿದ ಉಕ್ಕಿನ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಮರುಕ್ಷಣ ಬಿಚ್ಚಿಕೊಂಡು ಚಕ್ರವನ್ನು ಕೆಳಕ್ಕೆ ತಳ್ಳುತ್ತೆ. ಫರ್ಡಿನಂಡ್ ಪೋರ್ಶೆ 1931ರಲ್ಲೇ ಇಂಥ ಸಸ್ಪೆನ್ಷನ್‌ನ ಪೇಟೆಂಟಿಗೆ ಅರ್ಜಿ ಹಾಕಿದ್ದರು.

ಎರಡನೇ ಮಹಾಯುದ್ಧದಲ್ಲಿ ಸುಮಾರು 57 ಟನ್ನಿನ ಟೈಗರ್ ಟ್ಯಾಂಕನ್ನು ಹೊತ್ತಿದ್ದೂ ಇಂಥ ಸರಳುಗಳೇ. ಭಾರ ಹಂಚಲೆಂದು ಚಕ್ರಗಳನ್ನು ಒಂದರೊಳಗೊಂದು ಹೆಣೆದಂತೆ ಜೋಡಿಸಿದ್ದರು. ಓಟವೇನೋ ಮೆತ್ತಗೆ. ಆದರೆ ರಷ್ಯಾದ ಚಳಿಯಲ್ಲಿ ಸಂದಿಯ ಕೆಸರು ರಾತ್ರಿ ಹೆಪ್ಪುಗಟ್ಟಿದರೆ ಬೆಳಗ್ಗೆ ಚಕ್ರ ಅಲ್ಲಾಡುತ್ತಿರಲಿಲ್ಲ. ಒಳಗಿನದೊಂದು ಕೆಟ್ಟರೆ ಹೊರಗಿನ ಹಲವನ್ನು ಬಿಚ್ಚಬೇಕು. ಹಿಮದಲ್ಲಿ ಕೂತು ಬಿಚ್ಚುವ ಸಿಪಾಯಿಯ ಪಾಡು ಕೇಳಬೇಕೇ? ಯುದ್ಧಾನಂತರದ ಲೆಪರ್ಡ್ ಟ್ಯಾಂಕಿನಲ್ಲಿ ಜರ್ಮನ್ನರು ಸರಳನ್ನು ಉಳಿಸಿಕೊಂಡರು, ಹೆಣೆದ ಚಕ್ರಗಳನ್ನು ಕೈಬಿಟ್ಟರು.